ಗಿರಿಜತ್ತೆಗೆ ತಕ್ಕ ವಿಮಾನ

ನಿಮಗೊಂದು ಗುಟ್ಟು ಹೇಳುತ್ತೇನೆ, ನಗಬಾರದು. ಶಿರಾಳಕೊಪ್ಪದಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಮಾರುವ ನನಗೆ ವಿಮಾನದ ಹುಚ್ಚಿದೆ. ಹತ್ತುವ ಹುಚ್ಚಲ್ಲ, ಒಂದನ್ನು ಇನ್ನೊಂದಕ್ಕೆ ಹೋಲಿಸುವ ಹುಚ್ಚು. ಆಕಾಶದಲ್ಲಿ ಬಿಳಿ ಗೆರೆ ಕಂಡರೆ ಸಾಕು, ಗಿರಾಕಿ ವಾಷರ್ ಕೈಯಲ್ಲಿ ಹಿಡಿದು ನಿಂತಿದ್ದರೂ ಅಂಗಡಿಯಿಂದ ಹೊರಗೆ ಬಂದು ಕತ್ತೆತ್ತುತ್ತೇನೆ. ಅದು ಯಾವ ಮಾದರಿ, ಎಲ್ಲಿಂದ ಎಲ್ಲಿಗೆ, ಎಂಜಿನ್ ಎರಡೋ ನಾಲ್ಕೋ ಎಂದು ಮೊಬೈಲಿನಲ್ಲಿ ಖಾತ್ರಿ ಮಾಡಿಕೊಂಡು ಒಳಗೆ ಬರುವಷ್ಟರಲ್ಲಿ ಗಿರಾಕಿ ಪಕ್ಕದ ಅಂಗಡಿಯಲ್ಲಿರುತ್ತಾನೆ.

ನಮ್ಮ ಕಡೆ ಯಾವ ಗಾಡಿಯ ಮಾತು ಬಂದರೂ ಮೊದಲ ಪ್ರಶ್ನೆ ಒಂದೇ. ಅಂಬ್ಲಿಗೊಳ ಜಲಾಶಯದ ನೀರಿನಲ್ಲಿ ಗದ್ದೆ ಮಾಡುವ ರುದ್ರಪ್ಪನವರು, ನನ್ನ ಕಾಯಂ ಗಿರಾಕಿ, ವಿಮಾನದ ಬಗ್ಗೆಯೂ ಅದನ್ನೇ ಕೇಳಿದರು: “ಅದಿರ್ಲಿ, ಮೈಲೇಜ್ ಎಷ್ಟ್ ಕೊಡ್ತೈತ್ರೀ?”

ನಾನು ನಗಲಿಲ್ಲ. ಕೋಟು ಹಾಕಿಕೊಂಡು ವಿಮಾನ ಕೊಳ್ಳಲು ಹೋಗುವ ದೊಡ್ಡ ಮನುಷ್ಯರೂ ಕೇಳುವುದು ಇದನ್ನೇ. ಎ ತ್ರೀ ಏಟಿ ಎಂಬ ಎರಡಂತಸ್ತಿನ ವಿಮಾನವನ್ನೇ ನೋಡಿ. ಒಳಗೆ ಕೂತವರಿಗೆ ಅರಮನೆ, ಸದ್ದೇ ಇಲ್ಲ ಎನ್ನುತ್ತಾರೆ. ಆದರೆ ನಾಲ್ಕು ಎಂಜಿನ್ನಿಗೆ ಎಣ್ಣೆ ಹೊಯ್ಯಬೇಕು, ಅಷ್ಟೂ ಸೀಟು ದಿನಾ ತುಂಬಬೇಕು. ನಮ್ಮ ಸೊರಬದ ರೂಟಿನಲ್ಲಿ ಒಬ್ಬರು ಭಾರಿ ಬಸ್ಸು ಬಿಟ್ಟಿದ್ದರು. ಸಂತೆಯ ದಿನ ಕಾಲಿಡಲು ಜಾಗವಿಲ್ಲ, ಮಿಕ್ಕ ದಿನ ಕಂಡಕ್ಟರ್ ಉದ್ದಕ್ಕೆ ಮಲಗಿ ಹೋಗುತ್ತಿದ್ದ. ಕೊನೆಗೆ ಅದನ್ನು ಮಾರಿ ಸಣ್ಣ ಬಸ್ಸು ತಂದು ಎರಡು ಟ್ರಿಪ್ ಓಡಿಸಿದರು. ದೈತ್ಯ ವಿಮಾನಕ್ಕೂ ಹೆಚ್ಚುಕಡಿಮೆ ಇದೇ ಗತಿಯಾಯಿತು. ಈಗ ಎರಡೇ ಎಂಜಿನ್ನಿನ ಸೆವೆನ್ ಎಯ್ಟ್ ಸೆವೆನ್, ಎ ತ್ರೀ ಫಿಫ್ಟಿಗಳ ಕಾಲ. ತೆಳ್ಳಗೆ ಬಳುಕುವ ರೆಕ್ಕೆ, ಇಂಗಾಲದ ನಾರಿನ ಹಗುರ ಮೈ. ತಲೆಗೆ, ಕಿಲೋಮೀಟರಿಗೆ ಎಷ್ಟು ಎಣ್ಣೆ ಎಂದು ನೋಡಿದರೆ, ಕಾರಿನಲ್ಲಿ ನಾನೊಬ್ಬನೇ ಶಿಕಾರಿಪುರಕ್ಕೆ ಹೋಗಿ ಬರುವುದಕ್ಕಿಂತ ಅದರಲ್ಲಿ ಹೋಗುವುದೇ ವಾಸಿ. ಇದನ್ನು ಕೇಳಿದ ರುದ್ರಪ್ಪನವರು “ಹಂಗಾರ ಒಂದ್ ತರಿಸ್ರಿ ಮತ್ತ” ಎಂದು ಫುಟ್‌ವಾಲ್ವ್ ತೆಗೆದುಕೊಂಡು ಹೋದರು.

ಹೀಗೆ ನೆಲದ ಮೇಲೆ ನಿಂತೇ ಹಾರಾಡಿಕೊಂಡಿದ್ದ ನನಗೆ ನಿಜವಾದ ಪರೀಕ್ಷೆ ತಂದವರು ಗಿರಿಜತ್ತೆ. ನನ್ನ ತಂದೆಯ ತಂಗಿ, ಕುಬಟೂರಿನವರು. ಜೋಗವನ್ನು ಬೇಸಿಗೆ, ಮಳೆಗಾಲ, ಎಲ್ಲ ಕಾಲದಲ್ಲೂ ನೋಡಿದವರು. ಯಾರೋ ಅವರೆದುರು ನಯಾಗರವನ್ನು ಹೊಗಳಿದ್ದಾರೆ. ಅದು ಅತ್ತೆಗೆ ತಡೆಯಲಿಲ್ಲ. “ನೋಡೇ ಬಿಡಾನು, ಅದೇನ್ ಅಷ್ಟ್ ದೊಡ್ಡಸ್ತಿಕಿ” ಎಂದು ಶಿವಮೊಗ್ಗದಿಂದ ಹೊರಡುವ ಟೂರಿಗೆ ಹೆಸರು ಕೊಟ್ಟರು, ಜೊತೆಗೆ ನನ್ನದನ್ನೂ ಸೇರಿಸಿದರು. ನಾನು ಕುಣಿದಾಡಿದೆ. ಆಮೇಲೆ ಅವರ ಷರತ್ತು ಬಂತು.

ಅತ್ತೆಗೆ ಬೆಳಿಗ್ಗೆ ಒಮ್ಮೆ, ಹೊತ್ತು ಮುಳುಗಿದ ಮೇಲೆ ಒಮ್ಮೆ ಲಿಂಗಪೂಜೆ ಆಗಬೇಕು. ಬೆಳಗಿನದು ಆಗದೆ ನೀರೂ ಮುಟ್ಟುವುದಿಲ್ಲ, ಸಂಜೆಯದು ಆಗದೆ ರಾತ್ರಿಯ ಊಟವಿಲ್ಲ. ಮದುವೆಮನೆಯಿರಲಿ, ಆಸ್ಪತ್ರೆಯಿರಲಿ, ಇದು ತಪ್ಪಿದ್ದಿಲ್ಲ. ಸಕ್ಕರೆ ಕಾಯಿಲೆ ಬೇರೆ. ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಕೈ ನಡುಗಿ, ಮೈ ಬೆವರಿ, ಮಾತು ತೊದಲುತ್ತದೆ. ಎರಡು ಸಲ ಹಾಗಾದದ್ದನ್ನು ನಾನೇ ಕಂಡು ಹೆದರಿದ್ದೇನೆ. “ಪೂಜಿಗೆ ಅನುಕೂಲ ಇರೋ ವಿಮಾನ ನೋಡು ತಮ್ಮಾ. ಇಲ್ಲಾಂದ್ರ ನಯಾಗರ ಅಲ್ಲೇ ಇರ್ಲಿ, ನಾ ಇಲ್ಲೇ ಇರ್ತೀನಿ” ಎಂದರು.

ಜಗತ್ತಿನಲ್ಲಿ ವಿಮಾನಗಳನ್ನು ಈ ದೃಷ್ಟಿಯಿಂದ ಹೋಲಿಸಿದವನು ನಾನೊಬ್ಬನೇ ಇರಬೇಕು. ಟೂರಿನವರು ಎರಡು ದಾರಿ ಕೊಟ್ಟಿದ್ದರು. ಒಂದರಲ್ಲಿ ಹಳೆಯ ಟ್ರಿಪಲ್ ಸೆವೆನ್. ಗಟ್ಟಿಮುಟ್ಟಾದ ಹಿರಿಯ ವಿಮಾನ, ಅದರ ಎಂಜಿನ್ನಿನ ಗಾತ್ರ ನೆನೆದರೆ ಈಗಲೂ ನನಗೆ ರೋಮಾಂಚನ. ಆದರೆ ಅಡ್ಡಸಾಲಿಗೆ ಹತ್ತು ಜನರನ್ನು ಕೂರಿಸುತ್ತಾರೆ. ಅಂಗೈಯಲ್ಲಿ ಲಿಂಗ ಹಿಡಿದ ಅತ್ತೆಗೆ ಪಕ್ಕದವನ ಮೊಣಕೈ ತಾಗುವುದು ಗ್ಯಾರಂಟಿ. ಇನ್ನೊಂದು ಯುರೋಪಿನಲ್ಲಿ ವಿಮಾನ ಬದಲಿಸುವ ದಾರಿ, ಎರಡೂ ಹಾರಾಟಕ್ಕೆ ಸೆವೆನ್ ಎಯ್ಟ್ ಸೆವೆನ್. ಸಾಲಿಗೆ ಒಂಬತ್ತೇ ಜನ, ಸೀಟೇನೂ ಅಗಲವಲ್ಲ. ಅಗಲಕ್ಕೆ ಎ ತ್ರೀ ಫಿಫ್ಟಿಯೇ ಮೇಲು, ಅದು ನಮ್ಮ ದಾರಿಯಲ್ಲಿರಲಿಲ್ಲ. ಆದರೂ ಸೆವೆನ್ ಎಯ್ಟ್ ಸೆವೆನ್ನಿನ ಮೈ ತುಕ್ಕು ಹಿಡಿಯುವುದಿಲ್ಲವಾದ್ದರಿಂದ ಒಳಗಿನ ಗಾಳಿಯಲ್ಲಿ ತುಸು ತೇವ ಉಳಿಸುತ್ತಾರೆ. ಗಂಟಲು ಒಣಗುವುದು ಕಡಿಮೆ, ತಲೆ ಭಾರವಾಗುವುದೂ ಕಡಿಮೆ. ಎಲ್ಲಕ್ಕಿಂತ ಮುಖ್ಯ, ಗಾಳಿ ಎತ್ತಿಹಾಕುವ ಮೊದಲೇ ರೆಕ್ಕೆ ಅದನ್ನು ಅರಿತು ಕುಲುಕಾಟ ತಗ್ಗಿಸುತ್ತದೆಯಂತೆ. ಲಿಂಗ ಅಂಗೈಯಿಂದ ಜಾರಬಾರದಲ್ಲ! ಅತ್ತೆಯ ಮುಂದೆ ಕಾಗದದ ಮೇಲೆ ರೆಕ್ಕೆ ಬರೆದು ವಿವರಿಸಿದೆ. “ಆತು, ನೀ ಹೇಳಿದ್ದೇ ಆಗ್ಲಿ” ಎಂದರು. ಆ ದಿನ ನನಗೆ ಅಂಗಡಿಯಲ್ಲಿ ಕಾಲು ನಿಲ್ಲಲಿಲ್ಲ.

ಮೊದಲ ಹಾರಾಟ ಸಲೀಸು. ಯುರೋಪಿನ ನಿಲ್ದಾಣದ ಒಂದು ಮೂಲೆಯಲ್ಲಿ ಅತ್ತೆ ಬೆಳಗಿನ ಪೂಜೆ ಮುಗಿಸಿ, ತಂದ ಚಪಾತಿ ತಿಂದರು. ಮಧ್ಯಾಹ್ನ ಎರಡನೆಯ ವಿಮಾನ ಪಶ್ಚಿಮಕ್ಕೆ ಹೊರಟಿತು. ಅದರ ರೆಕ್ಕೆ ಬಿಲ್ಲಿನಂತೆ ಮೇಲಕ್ಕೆ ಬಾಗಿದ್ದು ನೋಡಿ ನಾನು “ಅತ್ತೆ, ನೋಡಿ, ನೋಡಿ!” ಎಂದು ಎಷ್ಟು ಜೋರಾಗಿ ಕೂಗಿದೆನೆಂದರೆ ಮುಂದಿನ ಸಾಲಿನವರೂ ನೋಡಿದರು.

ಊಟ ಬಂತು. ಅತ್ತೆ ತಮ್ಮ ಕೈಗಡಿಯಾರ ನೋಡಿಕೊಂಡರು. ಅದರಲ್ಲಿನ್ನೂ ಕುಬಟೂರಿನ ಹೊತ್ತು, ಸಂಜೆ ಏಳು ದಾಟಿತ್ತು. ತಟ್ಟೆಯನ್ನು ನನ್ನ ಕಡೆ ಸರಿಸಿದರು. “ಇದು ರಾತ್ರಿ ಊಟ. ಸಂಜಿ ಪೂಜಿ ಆಗಿಲ್ಲ.”

“ಮಾಡಿಬಿಡಿ ಅತ್ತೆ, ಊರಲ್ಲಿ ಕತ್ತಲಾಗಿದೆ.”

“ಊರಿನ ಕತ್ತಲು ಊರಿಗೆ. ಇಲ್ಲಿ ಸೂರ್ಯ ಕಣ್ಮುಂದ ಉರಿಯಾಕತ್ತಾನ. ಹೊತ್ತು ಮುಳುಗ್ಲಿ.”

ಸೀಟಿನ ಅಗಲ, ಗಾಳಿಯ ತೇವ, ರೆಕ್ಕೆಯ ಬಾಗು, ಎಲ್ಲ ಲೆಕ್ಕ ಹಾಕಿದವನು ಸೂರ್ಯನನ್ನೇ ಬಿಟ್ಟಿದ್ದೆ! ನಾವು ಪಶ್ಚಿಮಕ್ಕೆ ಓಡುತ್ತಿದ್ದೇವೆ, ಅವನೂ ನಮ್ಮ ಮುಂದೆ ಮುಂದೆ ಓಡುತ್ತಿದ್ದಾನೆ. ಇಳಿಯುವವರೆಗೂ ಮುಳುಗುವ ಮಾತಿಲ್ಲ. ಸ್ವಲ್ಪ ಹೊತ್ತಿಗೆ ಅತ್ತೆಯ ಬೆರಳು ಸಣ್ಣಗೆ ನಡುಗತೊಡಗಿತು, ಹಣೆಯ ಮೇಲೆ ಬೆವರು. ಸಕ್ಕರೆಯ ಪೊಟ್ಟಣ ಕೊಟ್ಟೆ, ಬೇಡವೆಂದು ತಲೆಯಾಡಿಸಿದರು. ಬೇಡಿಕೊಂಡೆ, ಕೊನೆಗೆ ಗದರಿದೆ. ಆ ಹೊತ್ತಿನಲ್ಲಿ ನನಗೆ ಎಲ್ಲ ವಿಮಾನಗಳ ಮೇಲೂ ಸಿಟ್ಟು ಬಂದಿತ್ತು, ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು.

ಆಗ ಕಿಟಕಿಗಳು ಮಬ್ಬಾದವು. ಈ ವಿಮಾನದ ಕಿಟಕಿಗೆ ಎಳೆಯುವ ಮುಚ್ಚಳವಿಲ್ಲ. ಗಗನಸಖಿಯರು ಒಂದೆಡೆ ಗುಂಡಿ ಒತ್ತಿದರೆ ಗಾಜುಗಳೇ ಕಡುನೀಲಿಗೆ ತಿರುಗುತ್ತವೆ. ಪ್ರಯಾಣಿಕರು ನಿದ್ದೆ ಮಾಡಲಿ ಎಂಬ ಉಪಾಯ. ಜೊತೆಗೆ ಚಾವಣಿಯ ದೀಪಗಳು ನಿಧಾನವಾಗಿ ಕೇಸರಿಯಾದವು, ಕೆಂಪಾದವು, ನೇರಳೆಗೆ ಇಳಿದವು. ಎಲ್ಲರ ಮುಖದ ಮೇಲೂ ಸಂಜೆ ಬಂದು ಕೂತಿತು.

ಅತ್ತೆ ಸುತ್ತ ನೋಡಿದರು. ಸೆರಗು ಸರಿಮಾಡಿಕೊಂಡು, ಬಾಟಲಿಯ ನೀರಿನಿಂದ ಕೈ ಒದ್ದೆಮಾಡಿ ಒರೆಸಿಕೊಂಡು, ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣುಮುಚ್ಚಿದರು. ಹೊರಗೆ ನಡುಹಗಲು ಎಂದು ನನಗೆ ಗೊತ್ತು. ವಾಷರಿನಲ್ಲಿ ಕೂದಲೆಳೆ ವ್ಯತ್ಯಾಸವಾದರೂ ಮಾಲು ವಾಪಸು ಕಳಿಸುವ ನಾನು ಬಾಯಿ ಬಿಗಿಹಿಡಿದು ಕೂತೆ. ವಿಮಾನ ಒಮ್ಮೆಯೂ ಕುಲುಕಲಿಲ್ಲ.

ಪೂಜೆ ಮುಗಿಯಿತು. ಅತ್ತೆ ತಟ್ಟೆ ಎಳೆದುಕೊಂಡು ಅನ್ನ ಕಲಸಿ ಉಣ್ಣತೊಡಗಿದರು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು, ಮುಖಕ್ಕೆ ಕಳೆ ಬಂತು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಕಳ್ಳನ ದನಿಯಲ್ಲಿ “ಅಂತೂ ಹೊತ್ತು ಮುಳುಗಿತಲ್ಲ ಅತ್ತೆ” ಎಂದೆ.

ಅತ್ತೆ ಉಣ್ಣುತ್ತಲೇ ಕಿಟಕಿಯತ್ತ ಗದ್ದ ಎತ್ತಿ ತೋರಿಸಿದರು. ಗಾಜಿನಾಚೆ ಸೂರ್ಯ ನೀಲಿ ಬಿಲ್ಲೆಯಾಗಿ ಹಾಗೆಯೇ ಇದ್ದ.

“ಅಲ್ಲೇ ಅದಾನಲ್ಲೋ ತಮ್ಮಾ, ನಂಗೇನ್ ಕಣ್ ಕಾಣಂಗಿಲ್ಲೇನು? ಪಾಪ, ಆ ಹುಡುಗೇರು ನಮ್ ಸಲುವಾಗಿ ಇಷ್ಟ್ ಅಚ್ಚುಕಟ್ಟಾಗಿ ಸಂಜಿ ಮಾಡ್ಯಾರ. ಮಾಡಿದ್ದನ್ನ ಬ್ಯಾಡ ಅಂದ್ರ ಶಿವ ಮೆಚ್ಚತಾನೇನು? ಇನ್ನೊಂದೀಟು ಮೊಸರು ಐತೇನು ಕೇಳು.”