ಹತ್ತಿಯಕ್ಕ ಮತ್ತು ಕಪ್ಪು ಬಾಲದ ಸುಂಡಿಲಿ

ಮ್ಯೂಸಿಯಂನ ಹಿಂದಿನ ಕೋಣೆಯಲ್ಲಿ ಕೂತು ಮೂವತ್ತು ವರ್ಷ ಇಲಿ, ಬಾವಲಿ, ಸುಂಡಿಲಿಗಳ ಚರ್ಮ ಸುಲಿದು ಹತ್ತಿ ತುಂಬಿದವಳಿಗೆ ಹತ್ತಿಯಕ್ಕ ಎಂದಲ್ಲದೆ ಇನ್ನೇನು ಹೆಸರು ಬಂದೀತು? ಚರ್ಮ ಟ್ರೇಯಲ್ಲಿ, ಬುರುಡೆ ಪುಟ್ಟ ಬಾಟಲಿಯಲ್ಲಿ, ಎರಡಕ್ಕೂ ಒಂದೇ ನಂಬರಿನ ಚೀಟಿ. ಒಂದು ಚೀಟಿಯೂ ತಪ್ಪಿದ್ದಿಲ್ಲ. ಅವಳು ಪ್ರಾಣಿ ಹಿಡಿಯಲು ಹೋಗುತ್ತಿದ್ದ ದ್ವೀಪಗಳಲ್ಲಿ ಹೊಸದೇನಾದರೂ ಸಿಕ್ಕರೆ ಮ್ಯೂಸಿಯಂನ ಪ್ರೊಫೆಸರರು ಅದಕ್ಕೆ ಯಾರದಾದರೂ ಹೆಸರಿಡುತ್ತಿದ್ದರು. ದೋಣಿಯವನ ಹೆಸರಲ್ಲೊಂದು ಇಲಿಯಿತ್ತು, ಅವರ ಅತ್ತೆಯ ಹೆಸರಲ್ಲೊಂದು ಬಾವಲಿ. ಹತ್ತಿಯಕ್ಕನ ಪಾಲಿಗೆ ಸೊನ್ನೆ.

ಈ ಸಲ ಅವಳ ಮಂಡಿನೋವಿನ ದೆಸೆಯಿಂದ ದ್ವೀಪಕ್ಕೆ ಹೋದವಳು ಅವಳ ಶಿಷ್ಯೆ, ಕೈಹಿಡಿದು ಹೊಲಿಗೆ ಕಲಿಸಿದ ಹುಡುಗಿ. ಮೂರೇ ವಾರಕ್ಕೆ ಕಪ್ಪು ಬಾಲದ ಸುಂಡಿಲಿಯೊಂದನ್ನು ಹಿಡಿದು ತಂದಳು.

"ಇದು ಹೊಸದೇ ಇರ್ಬೇಕು. ನಿನ್ನ ಹೆಸರೇ ಇಡೋಣ," ಎಂದರು ಪ್ರೊಫೆಸರರು.

ಹತ್ತಿಯಕ್ಕನ ಹೊಟ್ಟೆಗೆ ಬೆಂಕಿ ಬಿತ್ತು. ಗೆದ್ದಲು ಹುತ್ತ ಕಟ್ಟಿದರೆ ಹಾವು ಬಂದು ಸೇರಿಕೊಂಡಿತಂತೆ ಎಂದು ಗೊಣಗುತ್ತಲೇ ಅಂದು ಬುರುಡೆಗಳನ್ನು ತೊಳೆದಳು. ಆ ಉರಿಯಲ್ಲಿ ಹೊಸ ಸುಂಡಿಲಿಯ ಬುರುಡೆ, ಅದರ ಜೊತೆಗೇ ಬಂದಿದ್ದ ಮಾಮೂಲಿ ಸುಂಡಿಲಿಯ ಬಾಟಲಿಗೆ ಬಿತ್ತು, ಮಾಮೂಲಿಯ ಬುರುಡೆ ಹೊಸದರ ಬಾಟಲಿಗೆ. ಮಾಮೂಲಿ ಸುಂಡಿಲಿ ಬೋನಿನ ಕಂಬಿ ಕಚ್ಚಿ ಹಲ್ಲು ಮುರಿದುಕೊಂಡಿತ್ತು. ಮರುದಿನ ಅದರ ಬುರುಡೆ ತಪ್ಪು ಬಾಟಲಿಯೊಳಗಿಂದ ಅವಳತ್ತ ಮುರುಕು ಹಲ್ಲು ಕಿರಿಯುತ್ತಿತ್ತು.

ಸರಿಪಡಿಸಲು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಬುರುಡೆ ಮಾಮೂಲಿಯಾದರೆ ಪ್ರಾಣಿಯೂ ಮಾಮೂಲಿ, ಹೆಸರಿನ ಮಾತೇ ಇಲ್ಲ. ಬಿದ್ದಿರಲಿ ಬಿಡು ಎಂದುಕೊಂಡಳು.

ಎರಡು ವಾರದ ಮೇಲೆ ಪ್ರೊಫೆಸರರು ಬುರುಡೆಯನ್ನು ಅಳೆದೂ ಅಳೆದೂ ಸಾಕಾಗಿ ಇಬ್ಬರನ್ನೂ ಕರೆದರು.

"ಬಣ್ಣ ಬಿಟ್ರೆ ಹೊಸದೇನೂ ಇಲ್ಲ ಕಣಮ್ಮ. ಬಾಟಲಿ ಏನಾದ್ರೂ ಅದಲುಬದಲಾಗಿದ್ಯಾ?"

ಹತ್ತಿಯಕ್ಕ ಬಾಯಿ ತೆರೆಯುವ ಮೊದಲೇ ಹುಡುಗಿ, "ಅಕ್ಕನ ಕೈಲಿ ಅದಾಗೋ ಮಾತೇ ಅಲ್ಲ ಸರ್. ಹೆಸರು ಹೋದ್ರೆ ಹೋಗ್ಲಿ, ಅವರ ಮೇಲೆ ಅನುಮಾನ ಪಡಬೇಡಿ," ಎಂದಳು. ಕಣ್ಣು ತುಂಬಿತ್ತು, ಆದರೂ ನಗುತ್ತಿದ್ದಳು.

ಇದನ್ನು ಮಾತ್ರ ಹತ್ತಿಯಕ್ಕನಿಗೆ ತಡೆದುಕೊಳ್ಳಲಾಗಲಿಲ್ಲ. ಹೆಸರಿನಲ್ಲಿ ಗೆದ್ದವಳು ಒಳ್ಳೆಯತನದಲ್ಲೂ ಗೆಲ್ಲಬೇಕೇ?

"ಆಗಿದೆ ಸರ್. ನಾನೇ ಮಾಡಿದ್ದು. ಗೊತ್ತಿದ್ದೂ ಸುಮ್ನಿದ್ದೆ."

ಪ್ರೊಫೆಸರರು ದಡಬಡಿಸಿ ಇನ್ನೊಂದು ಬಾಟಲಿ ಹುಡುಕತೊಡಗಿದರು. ಹುಡುಗಿ ಅತ್ತ ತಿರುಗಿಯೂ ನೋಡಲಿಲ್ಲ.

"ಯಾಕಕ್ಕಾ?"

"ಹೊಟ್ಟೆಕಿಚ್ಚು ಕಣೇ," ಎಂದಳು ಹತ್ತಿಯಕ್ಕ. "ಈಗ್ಲೂ ಇದೆ."