ಚಕ್ರ ಅಲ್ಲಾಡಿಸಿ ನೋಡುತ್ತಿದ್ದ ಆಂಟಿ

ಮೊನ್ನೆ ದೆಹಲಿಯ ಓಖ್ಲಾದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನನ್ನ ಕಾರಿನ ಮುಂದಿನ ಚಕ್ರ ಎತ್ತಿ ನಿಲ್ಲಿಸಿ, ಒಳಗಿನ ಹರಿದ ರಬ್ಬರ್ ಹೊದಿಕೆಯನ್ನು ಬೆರಳಿನಿಂದ ಸರಿಸಿದ. ಹಳೆಯ ಗ್ರೀಸಿನ ವಾಸನೆ ಗಪ್ಪೆಂದು ಬಂತು. ಬೇರೆಯವರು ಮೂಗು ಮುಚ್ಚಿಕೊಳ್ಳುವಂಥ ವಾಸನೆ. ನನಗೆ ಮಾತ್ರ ಪೀತಮ್‌ಪುರದ ಕೆಳಮನೆ ಆಂಟಿ ನೆನಪಾಗಿ ನಗು ಬಂತು...

ನೌಕರಿ ಸಿಕ್ಕಿ ದೆಹಲಿಗೆ ಬಂದ ಹೊಸತರಲ್ಲಿ ನಾನು ಬಾಡಿಗೆಗಿದ್ದದ್ದು ಅವರ ಮೇಲಿನ ಮಹಡಿಯಲ್ಲಿ. ಮೈಸೂರಿನ ಕಡೆಯವರು, ಕೇಂದ್ರ ಸರ್ಕಾರದ ಆಡಿಟ್ ಕಚೇರಿಯಲ್ಲಿ ದುಡಿದು ನಿವೃತ್ತರಾಗಿದ್ದರು. ನಿವೃತ್ತಿ ಕಚೇರಿಗೆ ಮಾತ್ರ, ಅವರ ಆಕ್ಷೇಪಣೆಗಳಿಗಲ್ಲ. ತರಕಾರಿ ಭಯ್ಯಾನ ತಕ್ಕಡಿಯಿಂದ ಹಿಡಿದು ನನ್ನ ಸಾರಿನ ಹುಳಿಯವರೆಗೆ ಎಲ್ಲವೂ ಅವರ ಕೈಯಲ್ಲಿ ಪಾಸಾಗಬೇಕಿತ್ತು. ಅವರದೊಂದು ಹಳೆಯ ಬಿಳಿ ಕಾರಿತ್ತು. ಪ್ರತಿ ಭಾನುವಾರ ತಾವೇ ಅದನ್ನು ಓಡಿಸಿಕೊಂಡು ನೋಯ್ಡಾಕ್ಕೆ ಹೋಗುತ್ತಿದ್ದರು. ಅಲ್ಲಿ ಅವರ ಅಕ್ಕ ಇದ್ದರು, ಮೊಣಕಾಲು ಸೋತು ಮನೆ ಬಿಟ್ಟು ಹೊರಡಲಾಗದವರು. ವಾರಕ್ಕೊಮ್ಮೆ ಎದುರುಬದುರು ಕೂತು ಜಗಳವಾಡದಿದ್ದರೆ ಅಕ್ಕತಂಗಿಯರಿಗೆ ಊಟ ಸೇರುತ್ತಿರಲಿಲ್ಲ.

ಒಂದು ಚಳಿಗಾಲ ಸ್ಟೀರಿಂಗ್ ನಡುಗತೊಡಗಿತು. ರಸ್ತೆಯ ಉಬ್ಬು ದಾಟಿದಾಗ ಕೆಳಗೆಲ್ಲೋ ಟಕ್ ಎನ್ನುತ್ತಿತ್ತು. ಆಂಟಿಯ ಜೊತೆಗೇ ಇದ್ದ ಮಗನಿಗೆ ಬೇರೆಯೇ ಅನುಮಾನ.

“ಗಾಡಿ ಠೀಕ್ ಇದೆ ಅಮ್ಮ. ನಿನ್ನ ಕೈ ನಡುಗ್ತಿದೆ. ಸಾಕು, ಚಾಬಿ ಕೊಡು.”

ನಾನೂ ಸುಮ್ಮನಿರಲಾರದೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ತಮಾಷೆಗೆ ಅಂದೆ.

“ನೆಲ ಅಳೆದು ನೋಡಿ ಆಮೇಲೆ ಗಾದೆ ಹೇಳು,” ಅಂದರು ಆಂಟಿ.

ಮುಖದಲ್ಲಿ ನಗುವಿತ್ತು. ಆದರೆ ಚಾಬಿಯನ್ನು ಆಗಲೇ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರು. ಚಾಬಿ ಹೋದರೆ ಭಾನುವಾರವೂ ಹೋಯಿತು ಎಂದು ಅವರಿಗೆ ಗೊತ್ತಿತ್ತು. ಮಗನಿಗೆ ರಜೆಯ ದಿನವೂ ಕೆಲಸ. ಕ್ಯಾಬ್ ಅಂದರೆ, ತಾವು ಬ್ರೇಕ್ ನೋಡದ ಗಾಡಿಯಲ್ಲಿ ಕೂರುವುದಿಲ್ಲ ಅನ್ನುವ ಜಾತಿ ಅವರದು.

ಮೂವರೂ ಗ್ಯಾರೇಜಿಗೆ ಹೋದೆವು. ಅಲ್ಲಿನವನು ಒಮ್ಮೆ ಬಗ್ಗಿ ನೋಡಿ, ಜಾಯಿಂಟು, ಬುಷ್ಷು, ಶಾಕ್ ಅಬ್ಸಾರ್ಬರ್ ಎಲ್ಲ ಬದಲಾಯಿಸಿಬಿಡೋಣ ಎಂದ. ಮಗ ತಲೆಯಾಡಿಸಿದ. ಆಂಟಿ ಒಪ್ಪಲಿಲ್ಲ.

“ಎಲ್ಲ ಬದಲಾಯಿಸಿದ್ರೆ ತಪ್ಪು ಯಾರದು ಅಂತ ಗೊತ್ತಾಗೋದು ಹೇಗೆ? ಮೊದಲು ಅಲ್ಲಾಡಿಸಿ ನೋಡೋಣ.”

ತನಿಖೆಗೆ ನಮ್ಮಿಬ್ಬರನ್ನೇ ನೇಮಿಸಿದರು. ಎತ್ತಿ ನಿಲ್ಲಿಸಿದ ಚಕ್ರವನ್ನು ನಾನು ಹಿಡಿದು ಜಗ್ಗಬೇಕು, ಮಗ ಹಿಂದೆ ಕೈಯಿಟ್ಟು ಜಾಯಿಂಟ್ ಮುಟ್ಟಿಕೊಂಡಿರಬೇಕು. ಬಲಚಕ್ರ ನಿರ್ದೋಷಿ. ಎಡಚಕ್ರವನ್ನು ಮೇಲೆ-ಕೆಳಗೆ ಹಿಡಿದು ಜಗ್ಗಿದರೂ ಏನಿಲ್ಲ. ಎರಡು ಪಕ್ಕ ಹಿಡಿದು ಅಲ್ಲಾಡಿಸಿದ್ದೇ ತಡ, ಮಗ ಕೈ ಹಿಂದಕ್ಕೆಳೆದುಕೊಂಡ. ಸ್ಟೀರಿಂಗಿನಿಂದ ಚಕ್ರಕ್ಕೆ ಬರುವ ಸರಳಿನ ತುದಿ, ಟೈ ರಾಡ್ ಎಂಡ್ ಅನ್ನುತ್ತಾರಲ್ಲ, ಅದು ಅವನ ಬೆರಳಿನಡಿಯಲ್ಲೇ ಟಕ್ ಎಂದಿತ್ತು.

“ಅಮ್ಮ, ಇದು ಲೂಸ್ ಇದೆ.”

“ಅಚ್ಛಾ. ನನ್ನ ಕೈ?”

“ಅದು... ಠೀಕ್ ಇದೆ.”

ಅದೊಂದನ್ನೇ ಬದಲಾಯಿಸಿ, ಚಕ್ರಗಳ ನೇರ ನೋಡಿಸಿದ್ದಾಯಿತು. ಮುಂದಿನ ಭಾನುವಾರ ಆಂಟಿ ಮಗನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ನೋಯ್ಡಾದವರೆಗೆ ಹಾಡು ಗುನುಗುತ್ತಾ ಓಡಿಸಿದರು. ಅವನು ಪಾಪ, ಅದೊಂದು ದಿನ ಕೆಲಸಕ್ಕೆ ರಜೆ ಹಾಕಿ ಬಂದಿದ್ದ.

ಕೆಲವು ವರ್ಷಗಳ ಮೇಲೆ ಸ್ಟೀರಿಂಗ್ ಮತ್ತೆ ನಡುಗಿತು. ಮತ್ತೆ ಅದೇ ಗ್ಯಾರೇಜು, ಅದೇ ತನಿಖೆ. ಎರಡೂ ಚಕ್ರ ಜಗ್ಗಿದೆವು, ರಬ್ಬರು ಬಿರಿದಿದೆಯೇ ನೋಡಿದೆವು. ಎಲ್ಲ ಬಿಗಿಯಾಗಿತ್ತು. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ಬಂದು, ಗಾಡಿ ನೂಲು ಹಿಡಿದಂತೆ ನೇರ ಹೋಗುತ್ತಿದೆ ಎಂದ. ಆಂಟಿ ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ ಸ್ವಲ್ಪ ಹೊತ್ತು ನೋಡಿದರು. ಮಗ ನೆಲ ನೋಡುತ್ತಿದ್ದ. ಅವರು ಸೆರಗಿನ ಗಂಟು ಬಿಚ್ಚಿ ಚಾಬಿಯನ್ನು ನನ್ನ ಕೈಗಿಟ್ಟರು.

“ಈ ಸಲ ಗಾಡಿದೇನೂ ತಪ್ಪಿಲ್ಲ ಕಣೇ. ಭಾನುವಾರ ನೀನು ಓಡಿಸು. ನಾನು ಪಕ್ಕದಲ್ಲಿ ಕೂತು ಆಕ್ಷೇಪಣೆ ಎತ್ತುತ್ತೀನಿ.”

ಎತ್ತಿದರು ಕೂಡ. ಯಮುನೆ ದಾಟುವ ತನಕ ನನ್ನ ಗೇರಿನ ಮೇಲೆ, ದಾಟಿದ ಮೇಲೆ ನನ್ನ ಹಾರ್ನಿನ ಮೇಲೆ. ಆ ಭಾನುವಾರಗಳಲ್ಲಿ ನಕ್ಕಷ್ಟು ನಾನು ದೆಹಲಿಯಲ್ಲಿ ಇನ್ನೆಂದೂ ನಕ್ಕಿಲ್ಲ...

ಆಂಟಿ ಈಗಿಲ್ಲ. ನಾನು ಮನೆ ಬದಲಿಸಿದೆ, ಕಾರೂ ಬೇರೆ. ಭಾನುವಾರ ನೋಯ್ಡಾಕ್ಕೆ ಹೋಗುವುದನ್ನು ಮಾತ್ರ ಬಿಟ್ಟಿಲ್ಲ. ಅವರ ಅಕ್ಕ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕಾದಿರುತ್ತಾರೆ. ನಾನು ಇಳಿದು ಬಾಗಿಲು ಹಾಕಿದ ಮೇಲೂ ಕಾರಿನ ಇನ್ನೊಂದು ಬಾಗಿಲನ್ನೇ ನೋಡುತ್ತಾರೆ. ನಾನೂ ಅವಸರ ಮಾಡುವುದಿಲ್ಲ. ಅವರು ನೋಡಿ ಮುಗಿಸುವ ತನಕ ಅಲ್ಲೇ ನಿಂತಿರುತ್ತೇನೆ.