ನೆರಳು ಮೇಷ್ಟ್ರ ಎಡಗಡೆ ಸೀಟು

ಮೇಷ್ಟ್ರು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದರು. ಮಕ್ಕಳ ತಲೆಗೆ ಅದು ಎಷ್ಟು ಹೋಯಿತೋ ಕಾಣೆ, ಮೇಷ್ಟ್ರಿಗಂತೂ ಒಂದು ಕೆಲಸಕ್ಕೆ ಚೆನ್ನಾಗಿ ಒದಗಿತು. ಯಾವ ರಸ್ತೆಯಲ್ಲಿ, ಎಷ್ಟು ಗಂಟೆಗೆ, ಬಸ್ಸಿನ ಯಾವ ಕಡೆ ಬಿಸಿಲು ಬೀಳುತ್ತದೆ ಎಂದು ಅವರು ನಿಂತಲ್ಲೇ ಹೇಳಬಲ್ಲವರಾಗಿದ್ದರು. ಸ್ಟಾಫ್ ರೂಮಿನಲ್ಲಿ ಅವರಿಗೆ 'ನೆರಳು ಮೇಷ್ಟ್ರು' ಎಂದು ಹೆಸರು ಬಿದ್ದಿತ್ತು. ಪುಣ್ಯಾತ್ಮರು ಅದನ್ನು ಬಿರುದೆಂದೇ ತಿಳಿದಿದ್ದರು.

ನೆರಳೊಂದಿದ್ದರೆ ಸಾಲದು. ಸೀಟು ಚಕ್ರದ ಮೇಲೆ ಇರಬಾರದು, ಬಾಗಿಲ ಪಕ್ಕ ಬೇಡ, ಹಿಂದಿನ ಸಾಲಿನ ಹೆಸರೇ ಎತ್ತಬಾರದು. ಮುಂಗಡ ಕಾದಿರಿಸೋಣವೆಂದರೆ ಅವರಿಗೆ ನಂಬಿಕೆಯಿಲ್ಲ. ಮೆತ್ತೆಯನ್ನು ಅಂಗೈಯಿಂದ ಮೂರು ಸಲ ಒತ್ತಿ, ಬೆನ್ನೊರಗನ್ನು ಹಿಂದಕ್ಕೆ ತಳ್ಳಿ ನೋಡದೆ ಕೂರುವ ಜೀವವೇ ಅಲ್ಲ ಅದು. ಹೆಣ್ಣು ನೋಡಲು ಬಂದಾಗಲೂ ಇಷ್ಟು ಪರೀಕ್ಷೆ ಮಾಡಿರಲಿಲ್ಲವೆಂದು ಅವರ ಹೆಂಡತಿಯೇ ಹೇಳುತ್ತಿದ್ದಳು.

ಮೂರು ಗಂಟೆ ದಾರಿಯ ಇನ್ನೊಂದು ನಗರದಲ್ಲಿ ಅವರ ಅಕ್ಕ ಇದ್ದಳು. ತಾಯಿ ತೀರಿಕೊಂಡ ಮೇಲೆ ಮೇಷ್ಟ್ರನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಎಂದರೆ ಜೀವವೇ ಹಾರಿಹೋಗುವಷ್ಟು ಹೆದರಿಕೆ. ಎರಡು ವರ್ಷ ಮುಂದೂಡಿ ಕೊನೆಗೆ ಒಂದೇ ಷರತ್ತಿನ ಮೇಲೆ ಒಪ್ಪಿದಳು. "ಒಳಗೆ ಕರ್ಕೊಂಡು ಹೋಗೋವರೆಗೂ ನೀನು ನನ್ನ ಕೈ ಹಿಡ್ಕೊಂಡಿರ್ಬೇಕು ಕಣೋ. ಇನ್ನೇನೂ ಬೇಡ."

"ಆಪರೇಷನ್ ಹನ್ನೊಂದಕ್ಕೆ ತಾನೇ? ಹತ್ತಕ್ಕೇ ಇರ್ತೀನಿ ಅಕ್ಕ" ಎಂದು ಮೇಷ್ಟ್ರು ಫೋನಿನಲ್ಲಿ ಮಾತು ಕೊಟ್ಟರು.

ಆ ದಿನ ಬೆಳಿಗ್ಗೆ ಅವರು ಆರೂವರೆಗೇ ನಿಲ್ದಾಣದಲ್ಲಿದ್ದರು. ಏಳರ ಬಸ್ಸು ಬಂತು. ಉಳಿದಿದ್ದು ಬಲಗಡೆ ಸೀಟುಗಳು ಮಾತ್ರ. ರಸ್ತೆ ಉತ್ತರಕ್ಕೆ, ಬಿಸಿಲು ಬಲಕ್ಕೆ. ಮೇಷ್ಟ್ರು ಇಳಿದುಬಿಟ್ಟರು. ಎಂಟರದ್ದರಲ್ಲಿ ಎಡಗಡೆ ಒಂದು ಖಾಲಿ ಇತ್ತು, ಆದರೆ ಸರಿಯಾಗಿ ಚಕ್ರದ ಮೇಲೆ.

"ಹತ್ತಿ ಮೇಷ್ಟ್ರೇ, ಮೂರು ಗಂಟೆ ತಾನೇ, ಸಂಸಾರ ಹೂಡ್ತೀರಾ ಅಲ್ಲಿ?" ಎಂದ ಕಂಡಕ್ಟರ್.

ಮೇಷ್ಟ್ರು ಗಡಿಯಾರ ನೋಡಿಕೊಂಡರು. ಈ ಬಸ್ಸು ಹನ್ನೊಂದಕ್ಕೆ ಮುಟ್ಟುತ್ತದೆ, ಮುಂದಿನದು ಹನ್ನೆರಡಕ್ಕೆ. ಅಕ್ಕನಿಗೆ ಕೊಟ್ಟ ಮಾತು ನೆನಪಾಯಿತು. ಆದರೆ ಆ ಮನುಷ್ಯನಿಗೆ ನೆಪಗಳ ಬರ ಎಂದಾದರೂ ಇತ್ತೇ? ಡಾಕ್ಟರುಗಳು ಯಾವತ್ತು ಹೇಳಿದ ಹೊತ್ತಿಗೆ ಶುರು ಮಾಡಿದ್ದಾರೆ? ಮೈಕೈ ನೋಯಿಸಿಕೊಂಡು ಹೋದರೆ ಅಕ್ಕನಿಗೆ ಧೈರ್ಯ ಹೇಳುವವರು ಯಾರು? ಹೀಗೆ ಅವಳ ಒಳ್ಳೆಯದಕ್ಕಾಗಿಯೇ ಮೇಷ್ಟ್ರು ಎಂಟರ ಬಸ್ಸನ್ನೂ ಬಿಟ್ಟರು.

ಒಂಬತ್ತರದ್ದರಲ್ಲಿ ಎಡಗಡೆ ಮೂರನೇ ಸಾಲು, ಕಿಟಕಿ. ಒತ್ತಿದರು, ತಳ್ಳಿದರು, ಕೂತರು. ಊರು ದಾಟುವ ಮೊದಲೇ ಗೊರಕೆ ಶುರು.

ಆಸ್ಪತ್ರೆಗೆ ಅವರು ಹನ್ನೆರಡೂಕಾಲಿಗೆ ಮುಖ ತೊಳೆದು, ತಲೆ ಬಾಚಿ, ಹೂವಿನ ಹಾಗೆ ಬಂದರು. ನರ್ಸು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ತಮ್ಮ ಅಂದ್ರೆ ನೀವೇನಾ? ಹತ್ತರಿಂದ ಬಾಗಿಲ ಕಡೆನೇ ಮುಖ ಮಾಡ್ಕೊಂಡು ಕೂತಿದ್ರು. ಕರೆದಾಗ, ಇನ್ನೈದು ನಿಮಿಷ ಅಂತ ಡಾಕ್ಟರನ್ನ ಬೇಡ್ಕೊಂಡ್ರು. ಆಮೇಲೆ ನೆಲ ಒರೆಸೋ ಅಮ್ಮನೇ ಕೈ ಹಿಡಿದು ಆಪರೇಷನ್ ರೂಮಿನ ಬಾಗಿಲವರೆಗೆ ಬಿಟ್ಟಳು."

ಮೇಷ್ಟ್ರ ಮುಖ ಸಪ್ಪಗಾಯಿತು. ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ವಾರ್ಡಿನಲ್ಲಿ ಅಕ್ಕ ಅಗಲ ಕಡಿಮೆಯಿದ್ದ ಕಬ್ಬಿಣದ ಮಂಚದ ಮೇಲೆ ಮಲಗಿದ್ದಳು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಇನ್ನೂ ಮಂಜು. ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದಳು.

"ಬಂದ್ಯೇನೋ? ಬಸ್ಸು ಸಿಗ್ಲಿಲ್ವಾ?"

ನಿಜ ಹೇಳಲು ಮೇಷ್ಟ್ರು ಬಾಯಿ ತೆರೆದರು. ಬಾಯಿಂದ ಬಂದದ್ದು ಬೇರೆ.

"ರಶ್ಶೋ ರಶ್ಶು ಅಕ್ಕ. ಮೂರು ಗಂಟೆನೂ ನಿಂತ್ಕೊಂಡೇ ಬಂದೆ."

"ಅಯ್ಯೋ ನನ್ನಪ್ಪಾ" ಎಂದಳು ಅಕ್ಕ. ಒಂದು ಕೈಯಲ್ಲಿ ಪಟ್ಟಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಗೋಡೆ ತಡವುತ್ತಾ, ಇದ್ದ ಅಷ್ಟಗಲ ಮಂಚದಲ್ಲೇ ಅಂಚಿಗೆ ಸರಿದಳು. ಅರ್ಧ ಹಾಸಿಗೆ ಖಾಲಿಯಾಯಿತು.

"ಕಾಲು ಬಿದ್ದುಹೋಗಿರುತ್ತೆ. ಮೊದ್ಲು ಕೂತ್ಕೋ."

ಮೇಷ್ಟ್ರು ಕೂತರು.